ದೂರ ಹೊರಡುವ ಮುನ್ನ ಬೈಕಿನ ಬ್ಯಾಟರಿ ನೋಡಿಕೊಳ್ಳುವ ಬಗೆ

ಸಂಕ್ರಾಂತಿಯ ಹೊತ್ತಿನ ಚಳಿಯಲ್ಲಿ, ಬೆಳಿಗ್ಗೆ ಸೆಲ್ಫ್ ತಗೊಳ್ಳದೆ ನಿಂತ ಗಾಡಿಯ ಮುಂದೆ ಎಲ್ಲರೂ ಚಳಿಗೇ ಬೈಯುತ್ತಾರೆ. ಆದರೆ ಆ ಬ್ಯಾಟರಿಯ ಅರ್ಧ ಜೀವ ಹೋದದ್ದು ಹಿಂದಿನ ಏಪ್ರಿಲ್-ಮೇ ತಿಂಗಳಲ್ಲಿ. ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟಿದಾಗ, ಎಂಜಿನ್ನಿನ ಮಗ್ಗುಲಲ್ಲೇ ಕೂತ ಬ್ಯಾಟರಿಯ ಬಿಸಿ ಅದಕ್ಕಿಂತ ಮೇಲಿರುತ್ತದೆ. 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಸೀಸ-ಆಸಿಡ್ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಬ್ಯಾಟರಿ ಕೆಲಸದವರೆಲ್ಲ ಹಿಡಿದುಕೊಂಡ ಅಂದಾಜು. ಒಳಗಿನ ನೀರು ಆರುತ್ತದೆ, ಪ್ಲೇಟುಗಳ ಸೀಸದ ಜಾಲರಿ ಸವೆಯುತ್ತದೆ. ಬೇಸಿಗೆಯಲ್ಲಿ ಎಂಜಿನ್ ಆಯಿಲ್ ತೆಳುವಾಗಿರುವುದರಿಂದ ಬಲ ಕುಂದಿದ ಬ್ಯಾಟರಿಯೂ ಹೇಗೋ ಎಂಜಿನ್ ತಿರುಗಿಸಿಬಿಡುತ್ತದೆ. ಚಳಿ ಬಂತೆಂದರೆ ಆಯಿಲ್ ಮಂದ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ನಿಧಾನ. ಅಡಗಿದ್ದ ದೋಷ ಆಗ ಹೊರಬೀಳುತ್ತದೆ.

ಊರೊಳಗೆ ಓಡಾಡುವವರಿಗೆ ಇದು ಅರ್ಧ ದಿನದ ತಕರಾರು. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೊರಟವರಿಗೆ, ಯುಗಾದಿಗೆ ಶ್ರೀಶೈಲದ ಹಾದಿ ಹಿಡಿದವರಿಗೆ ಇದು ಇಡೀ ಪ್ರವಾಸವನ್ನೇ ಕೆಡಿಸುವ ಸಂಗತಿ. ಕಾರ್ಬ್ಯುರೇಟರ್ ಗಾಡಿಗಳಿದ್ದಾಗ ಬ್ಯಾಟರಿ ಇಳಿದರೂ ನಾಲ್ಕು ಕಿಕ್ ಹೊಡೆದು ಊರು ಮುಟ್ಟುತ್ತಿದ್ದೆವು. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಎಂಬ ಹೊಗೆ ನಿಯಮ ಬಂದ ಮೇಲೆ ಬಹುತೇಕ ಬೈಕುಗಳು ಫ್ಯೂಯಲ್ ಇಂಜೆಕ್ಷನ್ ಆದವು. ಪೆಟ್ರೋಲ್ ಎತ್ತುವ ಪಂಪಿಗೂ ಕರೆಂಟ್ ಬೇಕು, ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಇಸಿಯು ಎಂಬ ಸಣ್ಣ ಕಂಪ್ಯೂಟರಿಗೂ ಬೇಕು. ದೂರದ ಸವಾರಿಗೆಂದು ಜನ ಕೊಳ್ಳುವ ಅನೇಕ ಗಾಡಿಗಳಲ್ಲಿ ಕಿಕ್ ಇಲ್ಲವೇ ಇಲ್ಲ. ಸಾಲದ್ದಕ್ಕೆ, 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಅಳೆಯದೆ ಬ್ಯಾಟರಿ ಬದಲಿಸಬೇಡಿ. ಗಾಡಿ ಸ್ಟಾರ್ಟ್ ಆಗದಿರಲು ಬ್ಯಾಟರಿಯೇ ಸತ್ತಿರಬಹುದು, ಬ್ಯಾಟರಿಗೆ ಚಾರ್ಜ್ ಬರುತ್ತಿಲ್ಲದೆ ಇರಬಹುದು, ಅಥವಾ ನಿಂತಲ್ಲೇ ಕರೆಂಟ್ ಎಲ್ಲೋ ಸೋರುತ್ತಿರಬಹುದು. ಈ ಮೂರಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ, ಮದ್ದು ಮಾತ್ರ ಬೇರೆ ಬೇರೆ. ಎರಡನೆಯದೋ ಮೂರನೆಯದೋ ಇದ್ದಾಗ ಹೊಸ ಬ್ಯಾಟರಿ ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಮಲಗುತ್ತದೆ.

ವಿಜಯಪುರದಲ್ಲಿ ನಾನು ಗಾಡಿ ಬಿಡುವ ಅಂಗಡಿಯಲ್ಲಿ ಇದು ದಿನವೂ ನಡೆಯುವ ಮಾತು. ಒಮ್ಮೆ ಒಬ್ಬ ಹುಡುಗ ಗಾಡಿ ತಳ್ಳಿಕೊಂಡು ಬಂದ. "ಅಣ್ಣಾರ, ಬ್ಯಾಟ್ರಿ ಹೋಗೇತ್ರಿ, ಹೊಸಾದು ಹಾಕಿಬಿಡ್ರಿ. ನಾಳೆ ನಸಿಕಿನ್ಯಾಗ ಹೊಂಡೂದೈತಿ." ಮಿಸ್ತ್ರಿ ಸೀಟ್ ಬಿಚ್ಚಿ, ಮೈನಸ್ ಟರ್ಮಿನಲ್ಲಿನ ಬೋಲ್ಟನ್ನು ಬೆರಳಿಂದ ಮುಟ್ಟಿದರು. ಅದು ಪಾನಾ ಹಚ್ಚುವ ಮೊದಲೇ ಬೆರಳಿಗೇ ತಿರುಗಿತು. ಸುತ್ತ ಬಿಳಿ-ಹಸಿರು ಪುಡಿ ಕಟ್ಟಿತ್ತು. "ತಡಿಯಪಾ, ಮೊದ್ಲ ಮೀಟರ್ ಹಚ್ಚಿ ನೋಡೂಣು" ಎಂದು ಅಳೆದರೆ 12.6 ವೋಲ್ಟ್. ಬ್ಯಾಟರಿ ಚಲೋ ಇತ್ತು. ಟರ್ಮಿನಲ್ ಉಜ್ಜಿ ಬಿಗಿ ಮಾಡಿದ ಮೇಲೆ ಸೆಲ್ಫ್ ಒಂದೇ ಏಟಿಗೆ ಹತ್ತಿತು. ಹೊಸ ಬ್ಯಾಟರಿಯ ದುಡ್ಡು ಹುಡುಗನ ಜೇಬಿನಲ್ಲೇ ಉಳಿಯಿತು.

ಮೊದಲು: ಕಣ್ಣು, ಕೈ, ಪಾನಾ

ಹೊರಡುವುದಕ್ಕೆ ಒಂದು ವಾರ ಇರುವಾಗಲೇ ಈ ಕೆಲಸ ಶುರು ಮಾಡಿ, ಹಿಂದಿನ ರಾತ್ರಿಗೆ ಬಿಡಬೇಡಿ. ಕೀ ತೆಗೆದು, ಸೀಟ್ ಅಥವಾ ಸೈಡ್ ಪ್ಯಾನೆಲ್ ಬಿಚ್ಚಿ. ಬ್ಯಾಟರಿಯ ಹೊಟ್ಟೆ ಉಬ್ಬಿದೆಯೇ, ಎಲ್ಲಾದರೂ ಬಿರುಕಿದೆಯೇ, ಆಸಿಡ್ ಜಿನುಗಿ ಕಬ್ಬಿಣ ತಿಂದಿದೆಯೇ ನೋಡಿ. ಉಬ್ಬಿದ ಬ್ಯಾಟರಿಗೆ ರಿಪೇರಿ ಇಲ್ಲ. ಅದು ಅತಿಯಾಗಿ ಚಾರ್ಜ್ ಆಗಿದೆ ಅಥವಾ ಅತಿಯಾಗಿ ಕಾದಿದೆ ಎಂದೇ ಅರ್ಥ. ಕಾರಣ ಹುಡುಕದೆ ಹೊಸದು ಹಾಕಬೇಡಿ.

ಟರ್ಮಿನಲ್ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಗಾಡಿಯ ಫ್ರೇಮ್ ಇಡಿಯಾಗಿ ಮೈನಸ್ಸಿಗೆ ಸೇರಿದೆ. ಮೈನಸ್ ಹಾಗೇ ಇದ್ದಾಗ ಪ್ಲಸ್ ಬಿಚ್ಚಲು ಹೋದರೆ, ಪಾನಾ ಜಾರಿ ಫ್ರೇಮಿಗೆ ತಾಗಿದ ಕ್ಷಣ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಆ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಿರಲಿ. ಒಣಗಿಸಿ, ಬೋಲ್ಟ್ ಬಿಗಿ ಮಾಡಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಸೀಸ ಮೆತ್ತನೆಯ ಲೋಹ, ಬಲ ಹಾಕಿ ಕಿತ್ತುಬಿಡಬೇಡಿ.

ಬ್ಯಾಟರಿಯನ್ನು ಹಿಡಿದಿಡುವ ರಬ್ಬರ್ ಪಟ್ಟಿಯನ್ನೂ ನೋಡಿ. ಸ್ವಲ್ಪ ಸಡಿಲ ಇದ್ದರೂ ನೂರಾರು ಕಿಲೋಮೀಟರ್ ಕುಲುಕಾಟದಲ್ಲಿ ಪ್ಲೇಟುಗಳ ಮೇಲಿನ ಲೇಪ ಉದುರಿ ತಳದಲ್ಲಿ ಕೂರುತ್ತದೆ. ಪಟ್ಟಿ ಸೀಳಿದ್ದರೆ ಸೈಕಲ್ ಟ್ಯೂಬಿನ ತುಂಡಾದರೂ ಮಡಚಿ ಬಿಗಿದು ಕೂರಿಸಿ.

ಆರು ಮುಚ್ಚಳವಿರುವ ಹಳೆಯ ಬಗೆಯ ಬ್ಯಾಟರಿಯಾದರೆ ನೀರಿನ ಮಟ್ಟ ಮೇಲಿನ ಗೆರೆ ಮತ್ತು ಕೆಳಗಿನ ಗೆರೆಯ ನಡುವೆ ಇರಬೇಕು. ನಮ್ಮ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಇದನ್ನು ನೋಡಲೇಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ಸವಳು ನೀರು ಪ್ಲೇಟಿಗೆ ವಿಷ. ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಬೇಡ. ಆಸಿಡ್ ಸುರಿಯುವುದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಆವಿಯಾಗಿ ಹೋದದ್ದು ನೀರೇ ಹೊರತು ಆಸಿಡ್ ಅಲ್ಲ. ಗಾಳಿ ಹೋಗುವ ಸಣ್ಣ ಪೈಪು ಮಡಚಿಕೊಂಡಿಲ್ಲ, ಅದರ ಬಾಯಿ ಚೈನಿನ ಮೇಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮುಚ್ಚಿದ ಮೆಂಟೆನೆನ್ಸ್ ಫ್ರೀ ಬ್ಯಾಟರಿಯಾದರೆ ಮೇಲಿನ ಪಟ್ಟಿಯನ್ನು ಎಬ್ಬಿಸಿ ನೀರು ಹಾಕಲು ಹೋಗಬೇಡಿ.

ಆಮೇಲೆ: ಮೀಟರ್

ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ದೂರ ಓಡಿಸುವ ಯಾರ ಮನೆಯಲ್ಲೂ ಇದು ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿಸಿ ವೋಲ್ಟ್, 20ರ ಮನೆಗೆ ತಿರುಗಿಸಿ. ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ.

ಮೊದಲ ಅಳತೆ ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತ ಮೇಲೆ. ಓಡಿಸಿ ಬಂದ ಕೂಡಲೇ ಅಳೆದರೆ ಮೇಲ್ಮೈಯ ಚಾರ್ಜ್ ಸುಳ್ಳು ಹೇಳುತ್ತದೆ. 12 ವೋಲ್ಟಿನ ಬ್ಯಾಟರಿ ಎಂದರೂ ಒಳಗಿರುವುದು ಸುಮಾರು 2.1 ವೋಲ್ಟಿನ ಆರು ಸೆಲ್‌ಗಳು. ಹೀಗಾಗಿ ತುಂಬಿದ ಬ್ಯಾಟರಿ 12.6ರಿಂದ 12.8 ತೋರಿಸುತ್ತದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.8ಕ್ಕೆ ಬಂದಿದ್ದರೆ ಖಾಲಿಯೇ. ಒಂದು ವೋಲ್ಟಿನಷ್ಟೂ ಅಂತರವಿಲ್ಲ ಎಂದು ಹಗುರವಾಗಿ ನೋಡಬೇಡಿ, ತುಂಬಿದ್ದಕ್ಕೂ ಬರಿದಾದದ್ದಕ್ಕೂ ನಡುವೆ ಇರುವುದೇ ಅಷ್ಟು. 10.5ರ ಆಸುಪಾಸಿನಲ್ಲಿ ನಿಂತು ಚಾರ್ಜ್ ಮಾಡಿದರೂ ಮೇಲೇಳದಿದ್ದರೆ ಆರರಲ್ಲಿ ಒಂದು ಸೆಲ್ ಶಾರ್ಟ್ ಆಗಿರಬಹುದು.

ಅರ್ಧ ಚಾರ್ಜಿನಲ್ಲೇ ವಾರಗಟ್ಟಲೆ ಬಿಟ್ಟ ಬ್ಯಾಟರಿಯ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಎಳೆಯದಿದ್ದಾಗ ಚಾರ್ಜ್ ಮಾಡಿದರೆ ಕರಗುತ್ತದೆ, ಬಲಿತ ಮೇಲೆ ಕರಗುವುದಿಲ್ಲ. ಬಹಳ ಬ್ಯಾಟರಿಗಳು ಸಾಯುವುದು ಓಡಿ ಓಡಿ ಅಲ್ಲ, ಹೀಗೆ ಅರೆಹೊಟ್ಟೆಯಲ್ಲಿ ನಿಂತು.

ಎರಡನೆಯ ಅಳತೆ ಸೆಲ್ಫ್ ಒತ್ತುವಾಗ. ಕಡ್ಡಿಗಳನ್ನು ಹಾಗೇ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ವೋಲ್ಟೇಜ್ 10ರ ಮೇಲೆ ನಿಂತರೆ ಬ್ಯಾಟರಿಗೆ ತ್ರಾಣವಿದೆ. 9.5ಕ್ಕಿಂತ ಕೆಳಗೆ ಕುಸಿದರೆ, ಬೆಳಿಗ್ಗೆ 12.6 ತೋರಿಸಿದ್ದರೂ ಅದನ್ನು ನಂಬಿ ದೂರ ಹೋಗಬೇಡಿ. ಅಂಗಡಿಗಳಲ್ಲಿ ಇರುವ ಲೋಡ್ ಟೆಸ್ಟರ್ ಮಾಡುವುದೂ ಇದೇ ಕೆಲಸ.

ಮೂರನೆಯದು ಚಾರ್ಜಿಂಗ್. ಗಾಡಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಏರಿಸಿ 4000-5000 ಆರ್‌ಪಿಎಂನಲ್ಲಿ ಹಿಡಿಯಿರಿ. 13.8ರಿಂದ 14.5ರೊಳಗೆ ಬಂದರೆ ಸರಿ. ಏರಿಸಿದರೂ 12.5ರಲ್ಲೇ ನಿಂತರೆ ಬ್ಯಾಟರಿಗೆ ಊಟ ಹೋಗುತ್ತಿಲ್ಲ. ಎಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ಲೋ, ಆ ಕರೆಂಟನ್ನು ಡಿಸಿ ಮಾಡಿ ಹದದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರೋ, ಅವೆರಡರ ನಡುವಿನ ವೈರ್ ಜೋಡಿಸುವ ಕಪ್ಲರೋ ಕೆಟ್ಟಿರುತ್ತದೆ. ಮೊದಲು ಕಪ್ಲರ್ ಬಿಚ್ಚಿ ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಪಿನ್ನಿನ ಸುತ್ತ ಕರಗಿದ್ದರೆ ಕಳ್ಳ ಅಲ್ಲೇ ಸಿಕ್ಕ. ಮೂರು ಫೇಸಿನ ಸ್ಟೇಟರ್ ಇರುವ ಗಾಡಿಯಲ್ಲಿ ಒಂದೇ ಬಣ್ಣದ ಮೂರು ವೈರ್ ಬರುತ್ತವೆ, ಹೆಚ್ಚಾಗಿ ಹಳದಿ. ಕಪ್ಲರ್ ಬಿಚ್ಚಿ ಎಂಜಿನ್ ಓಡಿಸುತ್ತ, ಎರಡೆರಡರ ನಡುವೆ ಎಸಿ ವೋಲ್ಟ್ ಅಳೆದರೆ ಮೂರೂ ಅಳತೆ ಸಮ ಬರಬೇಕು. ಎಂಜಿನ್ ನಿಲ್ಲಿಸಿ ನೋಡಿದರೆ ಅವುಗಳಲ್ಲಿ ಯಾವುದಕ್ಕೂ ಬಾಡಿಯ ಜೊತೆ ಸಂಪರ್ಕ ಇರಬಾರದು.

ವೋಲ್ಟೇಜ್ 15 ದಾಟುತ್ತಿದ್ದರೆ ರೆಗ್ಯುಲೇಟರ್ ಹೋಗಿದೆ. ಬಲ್ಬ್ ಮೇಲಿಂದ ಮೇಲೆ ಸುಡುವುದು, ಸೀಟಿನ ಕೆಳಗಿಂದ ಕೊಳೆತ ಮೊಟ್ಟೆಯಂಥ ವಾಸನೆ, ಬ್ಯಾಟರಿ ಉಬ್ಬುವುದು ಇದರ ಗುರುತು. ಈ ಸ್ಥಿತಿಯಲ್ಲಿ ಓಡಿಸಿದರೆ ಇಸಿಯುಗೂ ಅಪಾಯ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, "ಬಂದ್ ಆಗಲಿಲ್ಲ ನೋಡ್ರಿ, ಚಾರ್ಜಿಂಗ್ ಸರಿ ಐತಿ" ಎಂದು ತೋರಿಸುವ ಮಿಸ್ತ್ರಿಗಳು ಇನ್ನೂ ಇದ್ದಾರೆ. ಹಳೆಯ ಗಾಡಿಗೆ ನಡೆದುಹೋಗುತ್ತಿದ್ದ ಪದ್ಧತಿ ಅದು. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಇಂಜೆಕ್ಷನ್ ಗಾಡಿಯ ಇಸಿಯು ಸುಟ್ಟರೆ ಆಗುವ ಖರ್ಚು ಬ್ಯಾಟರಿಯ ಬೆಲೆಯ ಎಷ್ಟೋ ಪಟ್ಟು. ಯಾರೇ ಆಗಲಿ, ನಿಮ್ಮ ಗಾಡಿಗೆ ಹಾಗೆ ಮಾಡಲು ಬಿಡಬೇಡಿ.

ಸೋರಿಕೆ

ಗಾಡಿ ಎರಡು ದಿನ ಓಡಿಸದಿದ್ದರೆ ಸೆಲ್ಫ್ ಮಂದ, ದಿನಾ ಓಡಿಸಿದರೆ ಸರಿ ಎಂದಾದರೆ ಅನುಮಾನ ಸೋರಿಕೆಯ ಮೇಲೆ. ಕೀ ಆಫ್ ಮಾಡಿ, ಮೈನಸ್ ವೈರ್ ಬಿಚ್ಚಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರಿನ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರ್ ಹಿಡಿಯಿರಿ. ತೋರಿಸುವುದು ತೀರಾ ಕಡಿಮೆ ಇದ್ದರೆ ಮಿಲಿಆಂಪಿಯರ್ ತೂತಿಗೆ ಬದಲಿಸಿ. ಮೀಟರ್ ಹೀಗೆ ಸಾಲಿನಲ್ಲಿರುವಾಗ ಕೀ ಆನ್ ಮಾಡಬಾರದು, ಸೆಲ್ಫ್ ಅಂತೂ ಮುಟ್ಟಲೇಬಾರದು, ಮೀಟರಿನ ಫ್ಯೂಸ್ ಹಾರುತ್ತದೆ.

ಗಡಿಯಾರ, ಇಸಿಯು ಸೇರಿ ಕೆಲವು ಮಿಲಿಆಂಪಿಯರ್ ಹೋಗುವುದು ಸಹಜ. 50 ಮಿಲಿಆಂಪಿಯರ್ ಇದ್ದರೆ ಲೆಕ್ಕ ಹೀಗೆ: 24 ಗಂಟೆಗೆ 1.2 ಆಂಪಿಯರ್-ಗಂಟೆ. ನಿಮ್ಮದು 9 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಾದರೆ ಐದು ದಿನಕ್ಕೆ ಮೂರರಲ್ಲಿ ಎರಡು ಪಾಲು ಖಾಲಿ. ಕಳ್ಳನನ್ನು ಹಿಡಿಯಲು ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತ ಮೀಟರ್ ನೋಡಿ. ಯಾವುದು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಹುಡುಕಿ. ಹೊರಗಿನಿಂದ ಹಾಕಿಸಿದ ಅಲಾರಂ, ಜಿಪಿಎಸ್ ಟ್ರ್ಯಾಕರ್, ನೇರ ಬ್ಯಾಟರಿಗೆ ಜೋಡಿಸಿದ ಮೊಬೈಲ್ ಚಾರ್ಜರ್ ಮೊದಲು ಅನುಮಾನಿಸಬೇಕಾದವು.

ಹೆಚ್ಚುವರಿ ಲೈಟುಗಳ ಲೆಕ್ಕ

ಮುಧೋಳ, ಜಮಖಂಡಿಯ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ರಾತ್ರಿ ಓಡಿಸಿದವರಿಗೆ ಫಾಗ್ ಲೈಟ್ ಯಾಕೆ ಬೇಕೆಂದು ಹೇಳಬೇಕಿಲ್ಲ. ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರೇಲರ್ ಕತ್ತಲಲ್ಲಿ ಎದುರಾದಾಗ ಬೆಳಕೇ ಜೀವ ಉಳಿಸುವುದು. ಹಾಗಾಗಿ ಬೇಡ ಎನ್ನುವುದಿಲ್ಲ, ಲೆಕ್ಕ ಹಾಕಿ ಹಾಕಿಸಿ ಎನ್ನುತ್ತೇನೆ. 55 ವಾಟಿನ ಎರಡು ಹ್ಯಾಲೋಜನ್ ಲೈಟ್ ಎಂದರೆ 110 ವಾಟ್, ಸುಮಾರು 9 ಆಂಪಿಯರ್. ಹೆಡ್‌ಲೈಟ್, ಪಂಪ್, ಇಗ್ನಿಷನ್ ಎಲ್ಲ ಸೇರಿ ಗಾಡಿ ತನಗಾಗಿ ತಿನ್ನುವಷ್ಟೇ ಹೆಚ್ಚುಕಡಿಮೆ ಮತ್ತೆ ತಿಂದಂತೆ. ಸಣ್ಣ ಗಾಡಿಯ ಸ್ಟೇಟರ್ ಅಷ್ಟು ಕೊಡಲಾರದು, ಉಳಿದದ್ದನ್ನು ಬ್ಯಾಟರಿಯಿಂದ ಕೀಳುತ್ತದೆ. ಟ್ರ್ಯಾಕ್ಟರ್ ಸಾಲಿನ ಹಿಂದೆ ಮೆಲ್ಲಗೆ ಹೋಗುವಾಗಲಂತೂ ಎಂಜಿನ್ ಸುತ್ತು ಕಡಿಮೆ, ಚಾರ್ಜ್ ಇನ್ನೂ ಕಡಿಮೆ. 10-20 ವಾಟಿನ ಎಲ್‌ಇಡಿ ಜೋಡಿ ಹಾಕಿಸಿ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ-ತೆಗೆಯುವ ಸ್ವಿಚ್) ಮತ್ತು ಬೇರೆ ಫ್ಯೂಸ್ ಇರಲಿ, ಕೀ ಆಫ್ ಆದಾಗ ತಾನೂ ಆಫ್ ಆಗುವಂತೆ ಜೋಡಿಸಲಿ. ಹಾಕಿಸಿದ ಮೇಲೆ ಎಲ್ಲ ಲೈಟ್ ಉರಿಸಿ ಮೂರನೆಯ ಅಳತೆಯನ್ನು ಮತ್ತೆ ಮಾಡಿ. 13.5ರ ಕೆಳಗೆ ಹೋದರೆ ಒಂದು ಭಾರ ಇಳಿಸಿ.

ಚಾರ್ಜ್ ಮಾಡುವುದು

ಎಎಚ್‌ನ ಹತ್ತರಲ್ಲೊಂದು ಭಾಗ ಆಂಪಿಯರ್, ಇದು ಕೈಯಲ್ಲಿಟ್ಟುಕೊಳ್ಳಬೇಕಾದ ಸೂತ್ರ. 9 ಎಎಚ್‌ಗೆ 0.9 ಆಂಪಿಯರ್. ಕಾರಿನ ಬ್ಯಾಟರಿಯ ದೊಡ್ಡ ಚಾರ್ಜರಿಗೆ ಹಚ್ಚಿ ಒಂದೇ ತಾಸಿನಲ್ಲಿ ತುಂಬಿಸಿಕೊಡುವುದು ಬೈಕಿನ ಬ್ಯಾಟರಿಯನ್ನು ಬೇಯಿಸಿದಂತೆ. ತುಂಬಿದ ಮೇಲೆ ತಾನೇ ತಗ್ಗುವ ಸಣ್ಣ ಆಟೋಮ್ಯಾಟಿಕ್ ಚಾರ್ಜರ್ ಒಳ್ಳೆಯದು. ಗಾಳಿ ಆಡುವ ಜಾಗದಲ್ಲಿಟ್ಟು ಮಾಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಹತ್ತಿರ ಬೀಡಿ, ಬೆಂಕಿ ಬೇಡ. ಆಸಿಡ್ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹರಿಸಿ ತೊಳೆದು, ತಡ ಮಾಡದೆ ದವಾಖಾನೆಗೆ ಹೋಗಿ.

ದಾರಿಯಲ್ಲಿ ನಿಂತರೆ

ಆಲಮಟ್ಟಿ ಹಿನ್ನೀರಿನ ಮೇಲಿನ ಕೊಲ್ಹಾರದ ಸೇತುವೆ ದಾಟಿ, ಎದುರಿಗೆ ಬರೀ ಬಯಲು ಇರುವ ಕಡೆ ಗಾಡಿ ನಿಂತಿತು ಎಂದುಕೊಳ್ಳಿ. ಗಾಬರಿಯಾಗಿ ಸೆಲ್ಫ್ ಒತ್ತುತ್ತಲೇ ಇರಬೇಡಿ, ಉಳಿದದ್ದೂ ಹೋಗುತ್ತದೆ. ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್, ಕ್ಲಚ್ ಮೂರನ್ನೂ ಮೊದಲು ನೋಡಿ.

ಇನ್ನು ಕಿವಿಗೊಟ್ಟು ಕೇಳಿ. ಟಕ-ಟಕ-ಟಕ ಎಂದು ರಿಲೇ ಬಡಿದುಕೊಂಡು ಗಾಡಿಯ ಮೀಟರ್ ಡಿಸ್‌ಪ್ಲೇ ಆರಿ ಮತ್ತೆ ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲಾಗಿದೆ. ಲೈಟ್ ಪ್ರಖರವಾಗೇ ಇದ್ದು ಒಂದೇ "ಟಕ್" ಕೇಳಿದರೆ ಸ್ಟಾರ್ಟರ್ ರಿಲೇ ಅಥವಾ ಮೋಟರಿನ ಕಡೆ ನೋಡಿ. ಕೀ ಆನ್ ಮಾಡಿದಾಗ ಏನೂ ಬೆಳಗದಿದ್ದರೆ ಮೇನ್ ಫ್ಯೂಸ್. ಸೀಟಿನ ಕೆಳಗೆ ಸಾಮಾನ್ಯವಾಗಿ ಒಂದು ಹೆಚ್ಚಿನ ಫ್ಯೂಸ್ ಇಟ್ಟಿರುತ್ತಾರೆ. ಅಷ್ಟೇ ಆಂಪಿಯರಿನದು ಹಾಕಿ, ತಂತಿ ಸುತ್ತಬೇಡಿ.

ತಳ್ಳಿ ಸ್ಟಾರ್ಟ್ ಮಾಡುವುದಾದರೆ ಕೀ ಆನ್ ಮಾಡಿ ಪಂಪಿನ ಗುಂಯ್ ಸದ್ದು ಕೇಳಿಸಿಕೊಳ್ಳಿ. ಆ ಸದ್ದು ಇದ್ದರೆ ಎರಡನೇ ಗೇರ್ ಹಾಕಿ, ಕ್ಲಚ್ ಹಿಡಿದು ಇಳಿಜಾರಿನಲ್ಲಿ ಓಡಿಸಿಕೊಂಡು ಹೋಗಿ ಕ್ಲಚ್ ಬಿಡಿ. ಸದ್ದೇ ಇಲ್ಲದಿದ್ದರೆ ಇಂಜೆಕ್ಷನ್ ಗಾಡಿ ಎಷ್ಟು ತಳ್ಳಿದರೂ ಹತ್ತುವುದಿಲ್ಲ. ಬಿಸಿಲಲ್ಲಿ ಮೈಯಲ್ಲಿನ ಶಕ್ತಿ ಕಳೆದುಕೊಳ್ಳಬೇಡಿ.

ಇನ್ನೊಂದು ಗಾಡಿಯಿಂದ ಕರೆಂಟ್ ಪಡೆಯುವಾಗ ಅದು 12 ವೋಲ್ಟಿನದೇ ಇರಬೇಕು. ಬೈಕ್, ಕಾರು ನಡೆಯುತ್ತವೆ. ಹೆದ್ದಾರಿಯಲ್ಲಿ ನಿಮ್ಮ ಸಹಾಯಕ್ಕೆ ಮೊದಲು ನಿಲ್ಲುವುದು ಲಾರಿ, ಆದರೆ ದೊಡ್ಡ ಲಾರಿ-ಬಸ್ಸುಗಳದ್ದು 24 ವೋಲ್ಟ್. ಚಾಲಕರು ಎಷ್ಟೇ ಪ್ರೀತಿಯಿಂದ ಕೇಬಲ್ ಕೊಟ್ಟರೂ ಬೇಡವೆನ್ನಿ, ಗಾಡಿಯ ಎಲೆಕ್ಟ್ರಾನಿಕ್ಸ್ ಎಲ್ಲ ಸುಟ್ಟುಹೋಗುತ್ತದೆ. ಕಾರಿನಿಂದ ತಗೊಳ್ಳುವಾಗ ಕಾರಿನ ಎಂಜಿನ್ ಬಂದ್ ಇರಲಿ. ಕೆಂಪು ಕೇಬಲ್ ಪ್ಲಸ್ಸಿಂದ ಪ್ಲಸ್ಸಿಗೆ. ಕಪ್ಪು ಕೇಬಲ್ ಕಾರಿನ ಮೈನಸ್ಸಿಗೆ, ಅದರ ಇನ್ನೊಂದು ತುದಿ ಕೊನೆಗೆ, ಬೈಕಿನ ಬ್ಯಾಟರಿಯಿಂದ ದೂರದ ಬಣ್ಣವಿಲ್ಲದ ಲೋಹಕ್ಕೆ. ಹತ್ತಿದ ಮೇಲೆ ತಿರುಗುಮುರುಗಾಗಿ ಬಿಚ್ಚಿ.

ಒಮ್ಮೆ ಹತ್ತಿದರೆ ಊರು ಮುಟ್ಟುವ ತನಕ ಬಂದ್ ಮಾಡಬೇಡಿ. ಫಾಗ್ ಲೈಟ್, ಮೊಬೈಲ್ ಚಾರ್ಜರ್ ಆಫ್ ಇರಲಿ. ಚಾರ್ಜಿಂಗ್ ವ್ಯವಸ್ಥೆಯೇ ಕೆಟ್ಟಿದ್ದರೆ ಬರೀ ಬ್ಯಾಟರಿಯ ಮೇಲೆ ಅರ್ಧ-ಮುಕ್ಕಾಲು ತಾಸು ಓಡಿದರೆ ಹೆಚ್ಚು, ಹತ್ತಿರದ ಊರನ್ನೇ ಗುರಿ ಇಟ್ಟುಕೊಳ್ಳಿ. ವಿಜಯಪುರದಿಂದ ಹುಬ್ಬಳ್ಳಿ ದಾರಿಯಲ್ಲಿ ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ. ಹೊಸಪೇಟೆ ದಾರಿಯಲ್ಲಿ ನಿಡಗುಂದಿ, ಹುನಗುಂದ, ಇಳಕಲ್. ಹೊರಡುವ ಮುನ್ನವೇ ಇಂಥ ಊರುಗಳನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿರಿ. ಟೂಲ್ ಕಿಟ್ಟಿನಲ್ಲಿ 10 ಎಂಎಂ ಪಾನಾ, ಸ್ಕ್ರೂಡ್ರೈವರ್, ಎರಡು ಫ್ಯೂಸ್, ಸಣ್ಣ ಜಂಪರ್ ಕೇಬಲ್ ಇರಲಿ.

ಹೊಸದೇ ಬೇಕಾದರೆ

ಮೂರು ಅಳತೆಯೂ ಬ್ಯಾಟರಿಯ ಮೇಲೇ ಬೆರಳು ಮಾಡಿದರೆ ಬದಲಿಸಿ, ಇನ್ನೊಂದು ಪ್ರವಾಸ ನಡೆಯಲಿ ಎಂದು ಎಳೆಯಬೇಡಿ. ಎಎಚ್ ಹಳೆಯದರಷ್ಟೇ ಇರಲಿ, ಪ್ಲಸ್-ಮೈನಸ್ ಅದೇ ಬದಿಗಿರಲಿ. ಬದಿ ಬೇರೆಯಾದರೆ ವೈರ್ ಎಳೆದು ಕೂರಿಸಬೇಕಾಗುತ್ತದೆ, ಅಲ್ಲಿಂದಲೇ ಹೊಸ ತೊಂದರೆ. ತಯಾರಿಯ ತಿಂಗಳು-ವರ್ಷ ಓದಿ ತಗೊಳ್ಳಿ. ಅಂಗಡಿಯ ಸೆಕೆಯಲ್ಲಿ ವರ್ಷ ಕೂತದ್ದು ಹೊಸದಾಗಿದ್ದರೂ ಹೊಸದಲ್ಲ. ಲಿಥಿಯಂ ಬ್ಯಾಟರಿ ಹಗುರ, ಆದರೆ ಬೆಲೆ ಹೆಚ್ಚು, ಚಾರ್ಜರೂ ಬೇರೆಯೇ ಬೇಕು. ನಮ್ಮ ಬಗೆಯ ಸವಾರಿಗೆ ಅದು ಅನಿವಾರ್ಯವಲ್ಲ ಎಂಬುದು ನನ್ನ ಎಣಿಕೆ.

ಅಂಗಡಿಯಲ್ಲೇ ಮೀಟರ್ ಹಚ್ಚಿಸಿ, 12.6 ಇಲ್ಲದಿದ್ದರೆ ಚಾರ್ಜ್ ಮಾಡಿಯೇ ಗಾಡಿಗೆ ಹಾಕಿಸಿ. ವಾರಂಟಿ ಕಾರ್ಡಿನ ಮೇಲೆ ತಾರೀಖು ಬರೆಸಿ ಸಿಕ್ಕಾ ಹೊಡೆಸಿಕೊಳ್ಳಿ. ಹಳೆಯ ಬ್ಯಾಟರಿಯನ್ನು ಅಲ್ಲೇ ಕೊಡಿ, ಅದರ ಸೀಸಕ್ಕೆ ಬೆಲೆ ಇರುವುದರಿಂದ ಹೊಸದರ ದರದಲ್ಲಿ ಒಂದಿಷ್ಟು ಇಳಿಸುತ್ತಾರೆ. ಹಿತ್ತಿಲಲ್ಲೋ ಹೊಲದ ಬದುವಿನಲ್ಲೋ ಎಸೆದರೆ ಆ ಸೀಸ, ಆಸಿಡ್ ಮಣ್ಣಿಗಿಳಿಯುತ್ತವೆ. ಪ್ರವಾಸಕ್ಕೆ ಹೊರಡುವ ಮೊದಲು ಹೊಸ ಬ್ಯಾಟರಿಯ ಮೇಲೆ ಎರಡು-ಮೂರು ದಿನ ಊರಿನಲ್ಲೇ ಓಡಿಸಿ, ಒಂದು ಬೆಳಿಗ್ಗೆ ಮತ್ತೆ ಅಳೆದು, ಆ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡಿ.